ಕೆಲಸ ಹೋದವರ ವಾರದ ಲೆಕ್ಕ

ಪಗಾರ ಬರುವ ತಾರೀಖು ದುಡಿಯುವ ಮನೆಯಲ್ಲಿ ಮಕ್ಕಳಿಗೂ ಗೊತ್ತಿರುತ್ತದೆ. ಪಗಾರ ನಿಂತ ತಾರೀಖನ್ನು ಬರೆದಿಟ್ಟುಕೊಳ್ಳುವವರು ಮಾತ್ರ ಅಪರೂಪ. ಕೆಲಸ ಕಳೆದುಕೊಂಡವರಿಗೆ, ಕೆಲಸ ಕೇಳಿಯೂ ಸಿಗದವರಿಗೆ ಕಾನೂನು ಒಂದಿಷ್ಟು ಹಣವನ್ನು ಗೊತ್ತು ಮಾಡಿದೆ. ಅದು ವಾರಕ್ಕೆ ಎಷ್ಟಾಗುತ್ತದೆ ಎಂಬುದನ್ನು ಪ್ರಾಥಮಿಕ ಶಾಲೆಯ ಗಣಿತ ಬಲ್ಲ ಯಾರಾದರೂ ಲೆಕ್ಕ ಹಾಕಬಹುದು. ಆದರೆ ಆ ಲೆಕ್ಕ ಯಾವ ದಿನದಿಂದ ಶುರು ಎಂಬುದಕ್ಕೆ ಕೈಯಲ್ಲಿ ಒಂದು ಕಾಗದ ಬೇಕು. ಬೀದರ್ ಜಿಲ್ಲೆಯ ಮಟ್ಟಿಗೆ ಈ ಕಾಗದದ ಹಿಂದೆ ದೊಡ್ಡದೊಂದು ಚರಿತ್ರೆಯೇ ಇದೆ.

ಬೀದರ್, ಭಾಲ್ಕಿ, ಔರಾದ್ ಕಡೆಯ ಮಾತಿನಲ್ಲಿ ಕೆಲಸವಿಲ್ಲದವನು ‘ಬೇಕಾರ’. ಪಾರಸಿಯಿಂದ ಉರ್ದುವಿಗೆ, ಅಲ್ಲಿಂದ ಮರಾಠಿ ಕನ್ನಡಗಳಿಗೆ ಇಳಿದು ಬಂದ ಪದ ಇದು. ‘ಕಾರ್’ ಎಂದರೆ ಕೆಲಸ, ‘ಬೇ’ ಎಂದರೆ ಇಲ್ಲದ. ಆದರೆ ಅದೇ ಪದಕ್ಕೆ ಕೆಲಸಕ್ಕೆ ಬಾರದ್ದು, ಉಪಯೋಗವಿಲ್ಲದ್ದು ಎಂಬ ಅರ್ಥವೂ ಇದೆ. ‘ಬೇಕಾರ ಮಾತು’ ಎನ್ನುವಾಗ ನಾವು ಈ ಎರಡನೆಯ ಅರ್ಥವನ್ನೇ ಬಳಸುತ್ತೇವೆ. ಕೆಲಸ ಇಲ್ಲದವನು ಬೇರೆ, ಕೆಲಸಕ್ಕೆ ಬಾರದವನು ಬೇರೆ ಎಂಬುದನ್ನು ಸರಕಾರಗಳು ಒಪ್ಪಿಕೊಳ್ಳಲು ಶತಮಾನಗಳೇ ಹಿಡಿದವು. ನಿರುದ್ಯೋಗ ಭತ್ಯೆಯ ಚರಿತ್ರೆಯೆಂದರೆ ಒಂದು ಪದದ ಈ ಎರಡು ಅರ್ಥಗಳನ್ನು ಬಿಡಿಸಿದ ಚರಿತ್ರೆ.

ದೊರೆಯ ಕಣಜ, ದೇವರ ರಸೀದಿ

ಹಳೆಯ ಕಾಲದಲ್ಲಿ ಕೆಲಸ ಹೋಗುವುದೆಂದರೆ ಮಳೆ ಹೋಗುವುದು ಎಂದೇ ಅರ್ಥ. ಬಿತ್ತನೆ ಇಲ್ಲದಿದ್ದರೆ ಕಳೆ ಕೀಳುವ ಕೆಲಸವಿಲ್ಲ, ರಾಶಿಯಿಲ್ಲ, ಕೂಲಿಯಿಲ್ಲ. 14ನೇ ಶತಮಾನದ ಕೊನೆಯಲ್ಲಿ ದಖನ್ ಪ್ರಾಂತ್ಯ ಭೀಕರ ಬರಕ್ಕೆ ತುತ್ತಾಯಿತು. ಆಗ ಗುಲ್ಬರ್ಗಾದಿಂದ ಆಳುತ್ತಿದ್ದ ಬಹಮನಿ ಸುಲ್ತಾನ ಎರಡನೇ ಮುಹಮ್ಮದ್ ಷಾ (1378-1397) ಮಾಳ್ವ ಮತ್ತು ಗುಜರಾತಿನಿಂದ ಎತ್ತುಗಳ ಮೇಲೆ ಧಾನ್ಯ ಹೇರಿಸಿ ತರಿಸಿ ಅಗ್ಗದ ದರಕ್ಕೆ ಮಾರಿಸಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಅನಾಥ ಮಕ್ಕಳಿಗಾಗಿ ಈ ಸುಲ್ತಾನ ತೆರೆದ ಶಾಲೆಗಳ ಊರುಗಳ ಪಟ್ಟಿಯಲ್ಲಿ ಬೀದರ್ ಹೆಸರೂ ಇದೆ. ಕೆಲಸ ದೊಡ್ಡದು, ನಿಜ. ಆದರೆ ಯಾರಿಗೆ ಎಷ್ಟು, ಎಂದಿನವರೆಗೆ ಎಂಬುದೆಲ್ಲ ಸುಲ್ತಾನನ ಇಚ್ಛೆ. ಕೇಳುವ ಹಕ್ಕು ಯಾರಿಗೂ ಇರಲಿಲ್ಲ.

ಇದಕ್ಕಿಂತ ಹೆಚ್ಚಾಗಿ ಜನರ ನೆನಪಿನಲ್ಲಿ ಉಳಿದಿರುವುದು ದಾಮಾಜಿ ಪಂತನ ಕಥೆ. ಪಂಢರಪುರದ ವಾರಿಗೆ ಹೋಗುವ ಭಕ್ತರು ಇದನ್ನು ಕೀರ್ತನೆಗಳಲ್ಲಿ ಕೇಳಿಯೇ ಇರುತ್ತಾರೆ. ದಾಮಾಜಿ ಮಂಗಳವೇಢೆಯಲ್ಲಿ ಬೀದರ್ ಸುಲ್ತಾನನ ಅಧಿಕಾರಿ. ಬರ ಬಿದ್ದಾಗ ಅರಸನ ಅಪ್ಪಣೆಗೆ ಕಾಯದೆ ಸರಕಾರಿ ಕಣಜ ತೆರೆದು ಹಸಿದವರಿಗೆ ಧಾನ್ಯ ಹಂಚಿದ. ಸುಲ್ತಾನ ಅವನನ್ನು ಹಿಡಿದು ತರಲು ಆಳುಗಳನ್ನು ಅಟ್ಟಿದ. ಅಷ್ಟರಲ್ಲಿ ವಿಠ್ಠಲನೇ ‘ವಿಠು’ ಎಂಬ ಮಹಾರ ಸೇವಕನ ವೇಷದಲ್ಲಿ ಬೀದರಿನ ದರಬಾರಿಗೆ ಬಂದು ಧಾನ್ಯದ ಬೆಲೆಯನ್ನೆಲ್ಲ ಸುರಿದು, ಹಣ ಸಂದಿದೆ ಎಂದು ರಸೀದಿ ಬರೆಸಿಕೊಂಡು ಹೋದ. ದಾಮಾಜಿಯ ಪಾರಾಯಣದ ಪುಸ್ತಕದಲ್ಲಿ ಆ ರಸೀದಿ ಸಿಕ್ಕಿತು.

ಇದು ಭಕ್ತಿಯ ಕಥೆ, ದಾಖಲೆಯಲ್ಲ. ಆದರೂ ಕಥೆ ಕಟ್ಟಿದ ಜನರ ಲೋಕಜ್ಞಾನ ನೋಡಿ: ದೇವರು ಕೂಡ ಸರಕಾರದ ಕಚೇರಿಗೆ ಬಂದರೆ ರಸೀದಿ ಪಡೆಯದೆ ಹಿಂದಿರುಗುವುದಿಲ್ಲ! ಬರದಲ್ಲಿ ಅನ್ನ ಕೊಟ್ಟ ಅಧಿಕಾರಿ ಉಳಿದದ್ದು ಆ ಕಾಗದದಿಂದ. ಅನ್ನ ಪಡೆದವರ ಕೈಯಲ್ಲಿ ಮಾತ್ರ ಯಾವ ಕಾಗದವೂ ಇರಲಿಲ್ಲ.

ಒಂದು ಪೌಂಡ್ ಧಾನ್ಯ

ಬರದಲ್ಲಿ ಜನರಿಗೆ ಕೆಲಸ ಕೊಟ್ಟು ಕೂಲಿ ಕೊಡುವ ಪದ್ಧತಿ 19ನೇ ಶತಮಾನದಲ್ಲಿ ಲಿಖಿತ ನಿಯಮವಾಯಿತು. 1876-78ರ ಬರ ಮುಂಬಯಿ, ಮದ್ರಾಸ್ ಪ್ರಾಂತ್ಯಗಳನ್ನೂ ಮೈಸೂರು, ಹೈದರಾಬಾದ್ ಸಂಸ್ಥಾನಗಳನ್ನೂ ಹಿಂಡಿತು. ಬ್ರಿಟಿಷರ ಪ್ರಾಂತ್ಯಗಳಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ 1877ರಲ್ಲಿ ಖರ್ಚು ಇಳಿಸಲು ಬಂದ. ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ ಅರ್ಧ ಕಿಲೋಗಿಂತ ಕಡಿಮೆ ಧಾನ್ಯ ಮತ್ತು ಅಲ್ಪ ಕಾಸು ಸಾಕೆಂದು ಗೊತ್ತು ಮಾಡಿದ. ಮುಂಬಯಿ ಪ್ರಾಂತ್ಯದಲ್ಲಿ ಕೂಲಿಗಳು ಇದನ್ನು ಪ್ರತಿಭಟಿಸಿ ಕಾಮಗಾರಿಯಿಂದ ಎದ್ದು ನಡೆದರು. ಅನಂತರ ಬಂದ ಬರ ಆಯೋಗದ 1880ರ ವರದಿಯನ್ನು ಆಧರಿಸಿ 1883ರಲ್ಲಿ ಬರ ಸಂಹಿತೆ ಸಿದ್ಧವಾಯಿತು.

ಆ ಸಂಹಿತೆಯ ತರ್ಕ ಸರಳ. ಕೆಲಸ ಕೇಳಿ ಬಂದವನು ನಿಜಕ್ಕೂ ಕಷ್ಟದಲ್ಲಿದ್ದಾನೆಯೇ ಎಂದು ತಿಳಿಯಲು ಅವನಿಗೆ ಕಷ್ಟದ ಕೆಲಸ, ಕಡಿಮೆ ಕೂಲಿ ಕೊಡಬೇಕು. ಸೋಮಾರಿಯಾದರೆ ತಾನಾಗಿಯೇ ಓಡಿ ಹೋಗುತ್ತಾನೆ! ‘ಬೇಕಾರ’ ಎಂಬುದರ ಎರಡು ಅರ್ಥಗಳು ಇಲ್ಲಿ ಇನ್ನೂ ಬೇರೆಯಾಗಿಲ್ಲ. ಕೆಲಸವಿಲ್ಲದ ಪ್ರತಿಯೊಬ್ಬನೂ ಕೆಲಸಕ್ಕೆ ಬಾರದವನಿರಬಹುದು ಎಂಬ ಗುಮಾನಿಯಿಂದಲೇ ಲೆಕ್ಕ ಶುರುವಾಗುತ್ತಿತ್ತು. ಕೂಲಿಯನ್ನು ಅಳೆದದ್ದು ಹೊಟ್ಟೆ ಎಷ್ಟು ಧಾನ್ಯಕ್ಕೆ ಉಸಿರು ಹಿಡಿದೀತು ಎಂಬುದರಿಂದ. ಆ ಮನುಷ್ಯ ಮೊದಲು ಎಷ್ಟು ದುಡಿಯುತ್ತಿದ್ದ ಎಂಬುದರಿಂದ ಅಲ್ಲ.

ವಾರಕ್ಕೆ ಏಳು ಶಿಲಿಂಗ್

ಇನ್ನೊಂದು ಬಗೆಯ ಲೆಕ್ಕ ಹುಟ್ಟಿದ್ದು ಇದೇ ಬ್ರಿಟಿಷರ ಸ್ವಂತ ದೇಶದಲ್ಲಿ. ಅಲ್ಲಿ ಕೆಲಸ ಕಸಿಯುತ್ತಿದ್ದುದು ಮಳೆಯಲ್ಲ, ಮಾರುಕಟ್ಟೆ. ಹಡಗು ಕಟ್ಟುವವನು ಎಷ್ಟೇ ಕಸುಬುದಾರನಾದರೂ ಹಡಗಿಗೆ ಗಿರಾಕಿ ಇಲ್ಲದಿದ್ದರೆ ಮನೆಗೆ ಹೋಗಲೇಬೇಕು. ಇದು ಅವನ ತಪ್ಪಲ್ಲ ಎಂದು ಒಪ್ಪಿಕೊಂಡದ್ದು 1911ರ ರಾಷ್ಟ್ರೀಯ ವಿಮಾ ಕಾಯ್ದೆ. ಕಾರ್ಮಿಕ ವಾರಕ್ಕೆ ಎರಡೂವರೆ ಪೆನ್ಸ್ ಕಟ್ಟಬೇಕು, ಮಾಲೀಕನೂ ಅಷ್ಟೇ ಕಟ್ಟಬೇಕು, ಸರಕಾರ ತನ್ನ ಪಾಲು ಸೇರಿಸಬೇಕು. ಕೆಲಸ ಹೋದರೆ ಮೊದಲ ಒಂದು ವಾರ ಬಿಟ್ಟು, ಬಳಿಕ ವಾರಕ್ಕೆ ಏಳು ಶಿಲಿಂಗ್, ವರ್ಷಕ್ಕೆ ಹೆಚ್ಚೆಂದರೆ 15 ವಾರ. ಐದು ವಾರ ಚಂದಾ ಕಟ್ಟಿದ್ದರೆ ಒಂದು ವಾರದ ಭತ್ಯೆಗೆ ಅರ್ಹತೆ. ಕಟ್ಟಡ, ಹಡಗು, ಎಂಜಿನಿಯರಿಂಗ್ ಮುಂತಾದ ಕಸುಬುಗಳ ಸುಮಾರು 22 ಲಕ್ಷ ಕಾರ್ಮಿಕರು ಇದರೊಳಗೆ ಬಂದರು. 1913ರಲ್ಲಿ ಭತ್ಯೆ ಕೊಡಲು ಆರಂಭವಾಯಿತು.

‘ವಾರದ ಭತ್ಯೆ’ ಎಂಬ ಮಾತು ಚಾಲ್ತಿಗೆ ಬಂದದ್ದು ಹೀಗೆ. ಕೂಲಿ ವಾರಕ್ಕೊಮ್ಮೆ ಸಿಗುತ್ತಿದ್ದ ದೇಶದಲ್ಲಿ ಭತ್ಯೆಯೂ ವಾರಕ್ಕೊಮ್ಮೆ. ಅಮೆರಿಕ 1935ರ ಸಾಮಾಜಿಕ ಭದ್ರತಾ ಕಾಯ್ದೆಯ ಮೂಲಕ ಈ ದಾರಿ ಹಿಡಿಯಿತು. ಅಲ್ಲಿ ರಾಜ್ಯ ರಾಜ್ಯಕ್ಕೂ ಲೆಕ್ಕ ಬೇರೆ. ಸ್ಥೂಲವಾಗಿ ಹೇಳುವುದಾದರೆ ಹಿಂದೆ ಬರುತ್ತಿದ್ದ ವಾರದ ಪಗಾರದ ಅರ್ಧದಷ್ಟು, ಅದಕ್ಕೊಂದು ಗರಿಷ್ಠ ಮಿತಿ, ಬಹುತೇಕ ರಾಜ್ಯಗಳಲ್ಲಿ ಹೆಚ್ಚೆಂದರೆ 26 ವಾರ. ಇಲ್ಲಿ ಅಳತೆಗೋಲು ಬದಲಾದುದನ್ನು ಗಮನಿಸಬೇಕು. ಧಾನ್ಯದ ತೂಕದ ಬದಲು ಮನುಷ್ಯನ ಹಿಂದಿನ ದುಡಿಮೆ ಲೆಕ್ಕಕ್ಕೆ ಬಂತು.

ಭಾರತ ಈ ದಾರಿಯಲ್ಲಿ ಅರ್ಧ ಮಾತ್ರ ನಡೆಯಿತು. 1948ರ ಕಾರ್ಮಿಕ ರಾಜ್ಯ ವಿಮಾ ಕಾಯ್ದೆ (ಇಎಸ್‌ಐ) ಕಾಯಿಲೆ, ಹೆರಿಗೆ, ಕೆಲಸದ ವೇಳೆಯ ಗಾಯಗಳಿಗೆ ರಕ್ಷಣೆ ಕೊಟ್ಟಿತು, ನಿರುದ್ಯೋಗವನ್ನು ಹೊರಗಿಟ್ಟಿತು. ಸಂವಿಧಾನದ 41ನೇ ವಿಧಿ ನಿರುದ್ಯೋಗದ ವೇಳೆ ಸರಕಾರದ ನೆರವು ಸಿಗಬೇಕೆಂದು ಹೇಳಿತು. ಆದರೆ ‘ಆರ್ಥಿಕ ಶಕ್ತಿಯ ಮಿತಿಯೊಳಗೆ’ ಎಂಬ ಷರತ್ತೂ ಜೊತೆಗಿತ್ತು. 1953ರಲ್ಲಿ ಕೈಗಾರಿಕಾ ವಿವಾದ ಕಾಯ್ದೆಗೆ ತಿದ್ದುಪಡಿ ತಂದು, ಕೆಲಸದಿಂದ ತೆಗೆದವರಿಗೆ ಮಾಲೀಕನೇ ಒಂದು ಗಂಟು ಪರಿಹಾರ ಕೊಡಬೇಕೆಂದು ವಿಧಿಸಲಾಯಿತು. ಕಾರ್ಖಾನೆಯ ನೌಕರನಿಗೆ ಅಷ್ಟಾದರೂ ಸಿಕ್ಕಿತು. ಹೊಲದ ಕೂಲಿಗೆ ಏನೂ ಸಿಗಲಿಲ್ಲ.

ಮೂರು ಹೋಳಾದ ಜಿಲ್ಲೆ

ಈಗ ಮತ್ತೆ ಬೀದರಿಗೆ ಬರೋಣ. ನಿಜಾಮರ ಕಾಲದ ಬೀದರ್ ಜಿಲ್ಲೆ ಇಂದಿನದಕ್ಕಿಂತ ದೊಡ್ಡದು. ಉದಗೀರ್, ನಿಲಂಗಾ, ಅಹಮದಪುರ ಕೂಡ ಅದರೊಳಗಿದ್ದವು. ಜಹೀರಾಬಾದ್, ನಾರಾಯಣಖೇಡ ಕೂಡ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಮರಾಠಿ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ, ತೆಲುಗು ತಾಲ್ಲೂಕುಗಳು ಆಂಧ್ರಕ್ಕೆ ಹೋದವು. ಬೀದರ್, ಭಾಲ್ಕಿ, ಹುಮನಾಬಾದ್ ಮತ್ತು ಇಂದಿನ ಔರಾದ್ ಪ್ರದೇಶ ಮೈಸೂರು ರಾಜ್ಯಕ್ಕೆ ಸೇರಿದವು. ಭಾಷೆಯ ಲೆಕ್ಕದಲ್ಲಿ ಇದು ನ್ಯಾಯವೇ. ಆದರೆ ಮಾಂಜ್ರಾ ನದಿಯ ಎರಡೂ ದಡದ ಕೂಲಿಗಳ ಪಾಲಿಗೆ ಈ ಗೆರೆ ಮುಂದೆ ಬೇರೆಯದೇ ಪರಿಣಾಮ ತಂದಿತು.

1972ರಲ್ಲಿ ಮಳೆ ಕೈಕೊಟ್ಟಿತು. ‘ಎಪ್ಪತ್ತೆರಡರ ಬರ’ ಎಂದರೆ ಈ ಭಾಗದ ಹಿರಿಯರಿಗೆ ಬೇರೆ ವಿವರಣೆ ಬೇಕಿಲ್ಲ. ಆ ಬರದಲ್ಲಿ ಮಹಾರಾಷ್ಟ್ರ ತೆರೆದ ಪರಿಹಾರ ಕಾಮಗಾರಿಗಳಲ್ಲಿ 1973ರ ಬೇಸಿಗೆಯ ಹೊತ್ತಿಗೆ ಸುಮಾರು 50 ಲಕ್ಷ ಜನ ದುಡಿಯುತ್ತಿದ್ದರು. ಆ ಅನುಭವದಿಂದ ಅಲ್ಲಿ ಉದ್ಯೋಗ ಖಾತ್ರಿ ಯೋಜನೆ ಬೆಳೆಯಿತು. ವಿಧಾನ ಪರಿಷತ್ತಿನ ಸಭಾಪತಿಯಾಗಿದ್ದ ವಿ.ಎಸ್. ಪಾಗೆ ಅದರ ಜನಕರೆಂದು ಹೆಸರಾದರು. ನಗರದ ನೌಕರರ ಮೇಲೆ ವೃತ್ತಿ ತೆರಿಗೆ ಹಾಕಿ ಹಳ್ಳಿಯ ಕೂಲಿಗೆ ಹಣ ಒದಗಿಸಲಾಯಿತು. 1977ರಲ್ಲಿ ಅಂಗೀಕಾರವಾಗಿ 1979ರ ಜನವರಿ 26ರಂದು ಜಾರಿಗೆ ಬಂದ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕೆಲಸ ಕೇಳಿ 15 ದಿನದೊಳಗೆ ಕೊಡದಿದ್ದರೆ ದಿನಕ್ಕೆ ಕನಿಷ್ಠ ಒಂದು ರೂಪಾಯಿ ನಿರುದ್ಯೋಗ ಭತ್ಯೆ. ವಾರಕ್ಕೆ ಏಳು ರೂಪಾಯಿ. ಮೊತ್ತ ಚಿಕ್ಕದು, ಪಡೆದವರು ತೀರಾ ವಿರಳ. ಆದರೂ ಕೂಲಿಯವನೊಬ್ಬ ಸರಕಾರಕ್ಕೆ ‘ಕೊಡು, ಇಲ್ಲವೇ ದಂಡ ತೆರು’ ಎನ್ನಬಹುದಾದ ಕಾನೂನು ಅದು.

ಹೀಗಾಗಿ ಒಂದೇ ಜಿಲ್ಲೆಯಾಗಿದ್ದ ನೆಲದಲ್ಲಿ, ಹೆಣ್ಣು ಕೊಟ್ಟು ತರುವ ಊರುಗಳ ನಡುವೆಯೇ, ಉದಗೀರಿನ ಕೂಲಿಗೆ 1979ರಲ್ಲಿ ಸಿಕ್ಕ ಹಕ್ಕು ಔರಾದಿನ ಕೂಲಿಗೆ ಸಿಗಲು 27 ವರ್ಷ ಬೇಕಾಯಿತು. 2005ರಲ್ಲಿ ಸಂಸತ್ತು ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತ್ರಿ ಕಾಯ್ದೆಯನ್ನು ಅಂಗೀಕರಿಸಿತು. 2006ರ ಫೆಬ್ರುವರಿ 2ರಂದು ದೇಶದ 200 ಹಿಂದುಳಿದ ಜಿಲ್ಲೆಗಳಲ್ಲಿ ಅದು ಜಾರಿಗೆ ಬಂದಾಗ ಕರ್ನಾಟಕದ ಪಾಲಿಗೆ ಬಂದದ್ದು ಐದು ಜಿಲ್ಲೆ: ಬೀದರ್, ಗುಲ್ಬರ್ಗಾ, ರಾಯಚೂರು, ಚಿತ್ರದುರ್ಗ ಮತ್ತು ದಾವಣಗೆರೆ. ಹಿಂದುಳಿದವರ ಪಟ್ಟಿಯಲ್ಲಿ ಮುಂದಿದ್ದುದರಿಂದ ಬೀದರಿಗೆ ಆದ ಲಾಭ ಇದು!

ಔರಾದಿನ ಲೆಕ್ಕ

ಔರಾದ್ ಗಡಿಯ ತಾಲ್ಲೂಕು. ಮಳೆಯನ್ನೇ ನಂಬಿದ ತೊಗರಿ, ಹೆಸರು, ಉದ್ದು, ಸೋಯಾ, ಜೋಳ. ರಾಶಿ ಮುಗಿದ ಮೇಲೆ ಮುಂಗಾರಿನವರೆಗೆ ಹೊಲದಲ್ಲಿ ಕೆಲಸವಿಲ್ಲ. ಆಗ ಹೈದರಾಬಾದ್, ಪುಣೆ, ಮುಂಬಯಿ ಬಸ್ಸು ರೈಲುಗಳು ತುಂಬುತ್ತವೆ. 2005ರ ಕಾಯ್ದೆ ಹೇಳಿದ್ದು ಇಂಥ ಮನೆಗಳ ಬಗ್ಗೆ. ಮನೆಯೊಂದಕ್ಕೆ ವರ್ಷಕ್ಕೆ 100 ದಿನ ಕೆಲಸ. ಅರ್ಜಿ ಕೊಟ್ಟ 15 ದಿನದಲ್ಲಿ ಕೆಲಸ ಸಿಗದಿದ್ದರೆ ನಿರುದ್ಯೋಗ ಭತ್ಯೆ. ಆರ್ಥಿಕ ವರ್ಷದ ಮೊದಲ 30 ದಿನಗಳಿಗೆ ಕೂಲಿ ದರದ ಕಾಲು ಭಾಗಕ್ಕೆ ಕಡಿಮೆಯಿಲ್ಲದಂತೆ, ಉಳಿದ ದಿನಗಳಿಗೆ ಅರ್ಧಕ್ಕೆ ಕಡಿಮೆಯಿಲ್ಲದಂತೆ.

2025-26ನೇ ಸಾಲಿಗೆ ಕರ್ನಾಟಕದಲ್ಲಿ ದಿನಗೂಲಿ 370 ರೂ. ಎಂದು ಗೊತ್ತಾಗಿತ್ತು. ಅದರ ಕಾಲು ಭಾಗ 92 ರೂ. 50 ಪೈಸೆ. ವಾರಕ್ಕೆ ಆರು ದಿನದಂತೆ 555 ರೂ. ಅರ್ಧವೆಂದರೆ 185 ರೂ.; ವಾರಕ್ಕೆ 1,110 ರೂ. ಒಂದು ಮನೆಯವರು 36 ದಿನಗಳ ಕೆಲಸ ಕೇಳಿ ಒಂದು ದಿನವೂ ಸಿಗಲಿಲ್ಲ ಎನ್ನೋಣ. ಮೊದಲ 30 ದಿನಕ್ಕೆ 2,775 ರೂ., ಉಳಿದ ಆರು ದಿನಕ್ಕೆ 1,110 ರೂ., ಒಟ್ಟು 3,885 ರೂ. ಕೆಲಸವೇ ಸಿಕ್ಕಿದ್ದರೆ ಅದೇ 36 ದಿನಕ್ಕೆ 13,320 ರೂ. ಬರುತ್ತಿತ್ತು. ಭತ್ಯೆ ಎಂಬುದು ಕೂಲಿಗೆ ಬದಲಿಯಲ್ಲ, ಸರಕಾರ ಮಾತು ತಪ್ಪಿದ್ದಕ್ಕೆ ತೆರುವ ದಂಡ ಎಂಬುದು ಈ ಅಂಕಿಗಳಿಂದಲೇ ತಿಳಿಯುತ್ತದೆ.

ಷರತ್ತುಗಳೂ ಇದ್ದವು. ಕೂಲಿ ಮತ್ತು ಭತ್ಯೆ ಸೇರಿ 100 ದಿನದ ಕೂಲಿಯಷ್ಟಾದರೆ ಅಲ್ಲಿಗೆ ಮುಗಿಯಿತು. ಕೆಲಸಕ್ಕೆ ಕರೆದರೂ 15 ದಿನದಲ್ಲಿ ಬಾರದವರು, ಅನುಮತಿಯಿಲ್ಲದೆ ಸತತ ಒಂದು ವಾರಕ್ಕಿಂತ ಹೆಚ್ಚು ಗೈರಾದವರು ಮೂರು ತಿಂಗಳು ಭತ್ಯೆ ಕೇಳುವಂತಿರಲಿಲ್ಲ.

ಹಾಗಾದರೆ ಭತ್ಯೆ ಪಡೆದವರು ಎಷ್ಟು ಜನ? ಮಧ್ಯಪ್ರದೇಶದ ಬಡವಾನಿ ಜಿಲ್ಲೆಯಲ್ಲಿ 2006ರಲ್ಲಿ ಆದಿವಾಸಿ ಕೂಲಿಗಳು ಸಂಘಟಿತರಾಗಿ ಹೋರಾಡಿ ಪಡೆದದ್ದು ದೇಶದ ಮೊದಲ ನಿದರ್ಶನಗಳಲ್ಲಿ ಒಂದು. ಅಂಥ ಉದಾಹರಣೆಗಳು ಬೆರಳೆಣಿಕೆಯವು. ಕಾರಣ ಕಾಯ್ದೆಯ ಒಳಗೇ ಇತ್ತು. ಕೂಲಿಯ ಹಣ ಕೇಂದ್ರ ಸರಕಾರದ್ದು. ನಿರುದ್ಯೋಗ ಭತ್ಯೆಯ ಹೊರೆ ರಾಜ್ಯದ್ದು. ರಾಜ್ಯ ಬೇಗ ಕೆಲಸ ಕೊಡಲಿ ಎಂಬುದು ಇದರ ಉದ್ದೇಶ. ನಡೆದದ್ದೇ ಬೇರೆ. ಅರ್ಜಿ ಬಂದ ದಿನ ದಾಖಲಾಗದಿದ್ದರೆ 15 ದಿನ ಎಣಿಸುವ ಪ್ರಶ್ನೆಯೇ ಇಲ್ಲ. ಕೆಲಸ ತಯಾರಾದ ಮೇಲೆ ಅರ್ಜಿ ಬರೆಸಿಕೊಂಡರೆ ಅರ್ಜಿಯ ದಿನ, ಕೆಲಸದ ದಿನ ಒಂದೇ ಆಗುತ್ತದೆ. ಆಗ ದಾಖಲೆಯಲ್ಲಿ ವಿಳಂಬವೂ ಇಲ್ಲ, ಭತ್ಯೆಯೂ ಇಲ್ಲ. ತಾರೀಖು ಹಾಕಿದ ರಸೀದಿ ಕೊಡದಿರುವುದು, ಭತ್ಯೆ ಪಾವತಿಯಾಗದಿರುವುದು ಎರಡನ್ನೂ ಮಹಾಲೇಖಪಾಲರ (ಸಿಎಜಿ) ತಪಾಸಣಾ ವರದಿಗಳು ಎತ್ತಿ ತೋರಿಸಿವೆ.

ಕರ್ನಾಟಕದಲ್ಲಿ ಕೆಲಸ ಕೇಳುವ ಅರ್ಜಿಗೆ ‘ನಮೂನೆ 6’ ಎಂದು ಹೆಸರು. ಕೂಲಿಗಳ ತಂಡವನ್ನು ಮುನ್ನಡೆಸುವವರಿಗೆ ‘ಕಾಯಕ ಬಂಧು’ ಎಂದು ಹೆಸರು. ಕಾಯಕವೆಂಬ ಮಾತಿಗೆ ಬೆಲೆ ಬಂದದ್ದು ಇದೇ ಜಿಲ್ಲೆಯ ಕಲ್ಯಾಣದಲ್ಲಿ, 12ನೇ ಶತಮಾನದಲ್ಲಿ. ಹೆಸರು ಚೆನ್ನಾಗಿದೆ. ಆದರೆ ನಮೂನೆ 6ರ ಕೆಳಗೆ ಸಹಿ, ಮುದ್ರೆ, ತಾರೀಖಿನ ಸ್ವೀಕೃತಿ ಹರಿದುಕೊಡದಿದ್ದರೆ ಕಾಯಕ ಬಂಧುವೂ ಏನೂ ಮಾಡಲಾರ.

2025ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆಯೊಂದನ್ನು ಅಂಗೀಕರಿಸಿತು. ಅದರಲ್ಲಿ 100 ದಿನದ ಬದಲು 125 ದಿನ. ಖರ್ಚಿನಲ್ಲಿ ಬಹುತೇಕ ರಾಜ್ಯಗಳ ಪಾಲು ಶೇ. 40, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ಒಟ್ಟು 60 ದಿನದವರೆಗೆ ಕಾಮಗಾರಿ ನಿಲ್ಲಿಸಲು ಅವಕಾಶ. ಕೆಲಸ ಕೇಳಿ 15 ದಿನದಲ್ಲಿ ಸಿಗದಿದ್ದರೆ ಭತ್ಯೆ ಎಂಬ ತತ್ವವನ್ನು ಹೊಸ ಕಾಯ್ದೆಯೂ ಇಟ್ಟುಕೊಂಡಿದೆ. ಅಂದರೆ ಹೆಸರು ಬದಲಾದರೂ ತಾರೀಖಿನ ಮಹತ್ವ ಕಡಿಮೆಯಾಗಿಲ್ಲ.

ಭಾಲ್ಕಿಯ ಲೆಕ್ಕ

ಭಾಲ್ಕಿ ಕಡೆ ಕಾರಂಜಾ ಜಲಾಶಯ, ಕಬ್ಬು, ಹುಣಜಿಯ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ. ಇಲ್ಲಿ ಪ್ರಶ್ನೆ ಸಂಘಟಿತ ನೌಕರನದು. ಕಾರ್ಖಾನೆ ಅಥವಾ ಗಿರಣಿಯೊಂದು ಆಳು ಹೆಚ್ಚಾಯಿತೆಂದು ನೌಕರನನ್ನು ತೆಗೆದರೆ ಎಷ್ಟು ಕೊಡಬೇಕು?

1953ರಿಂದ ಬಂದ ಸೂತ್ರ ಇದು: ಪೂರ್ಣಗೊಳಿಸಿದ ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ವೇತನ. ಜೊತೆಗೆ ಒಂದು ತಿಂಗಳ ನೋಟಿಸು, ಇಲ್ಲವೇ ಒಂದು ತಿಂಗಳ ವೇತನ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಈ ಸೂತ್ರವನ್ನು ಉಳಿಸಿಕೊಂಡು, ಹೊಸ ಕಸುಬು ಕಲಿಯಲೆಂದು ಕೊನೆಯ ವೇತನದ 15 ದಿನದ ಮೊತ್ತವನ್ನು ಸೇರಿಸಿದೆ. ಈ ಮೊತ್ತ 45 ದಿನದೊಳಗೆ ನೌಕರನ ಖಾತೆಗೆ ಬರಬೇಕು.

ತಿಂಗಳಿಗೆ 16,000 ರೂ. ಪಗಾರದಲ್ಲಿ 14 ವರ್ಷ ದುಡಿದವನನ್ನು ತೆಗೆದು ಹಾಕಿದರೆಂದು ಇಟ್ಟುಕೊಳ್ಳಿ. ಅರ್ಧ ತಿಂಗಳ ಪಗಾರ 8,000 ರೂ.; ಅದನ್ನು 14ರಿಂದ ಗುಣಿಸಿದರೆ 1,12,000 ರೂ. ಬಾಯಿಲೆಕ್ಕಕ್ಕೆ ಸುಲಭದ ದಾರಿಯೂ ಇದೆ. ಸೇವೆಯ ವರ್ಷಗಳನ್ನು ಎರಡರಿಂದ ಭಾಗಿಸಿದರೆ ಎಷ್ಟು ತಿಂಗಳ ಪಗಾರ ಎಂಬುದು ಬರುತ್ತದೆ: 14 ವರ್ಷಕ್ಕೆ ಏಳು ತಿಂಗಳು. ವಾರಕ್ಕೆ ಸುಮಾರು 3,700 ರೂ.ಯಂತೆ ಸಂಸಾರ ನಡೆಸುತ್ತಿದ್ದ ಮನೆಗೆ ಇದು 30 ವಾರದ ಬುತ್ತಿ. ಬ್ರಿಟನ್ನಿನ ಕಾರ್ಮಿಕ ವಾರ ವಾರ ಪಡೆದದ್ದನ್ನು ನಮ್ಮ ನೌಕರ ಒಂದೇ ಗಂಟಾಗಿ ಪಡೆಯುತ್ತಾನೆ. ಗಂಟಿಗೆ ಒಂದು ಅಪಾಯವಿದೆ. ಹಳೆಯ ಸಾಲ, ಮಗಳ ಮದುವೆ, ಆಸ್ಪತ್ರೆ ಎಂದು ಒಂದೇ ವಾರದಲ್ಲಿ ಕರಗಿ, ಉಳಿದ 29 ವಾರ ಬರಿಗೈ ಆಗಬಹುದು. ಆದ್ದರಿಂದ ಗಂಟು ಕೈಗೆ ಬಂದ ದಿನವೇ ಅದನ್ನು ವಾರಗಳಿಗೆ ಹಂಚಿ ನೋಡುವುದು ಜಾಣತನ.

ಈ ಸೂತ್ರದಲ್ಲೂ ತಾರೀಖೇ ಮುಖ್ಯ. ಒಂದು ವರ್ಷದ ಸೇವೆ ಎನ್ನಲು ಸಾಮಾನ್ಯವಾಗಿ 12 ತಿಂಗಳಲ್ಲಿ 240 ದಿನ ದುಡಿದಿರಬೇಕು. ಸೇರಿದ ದಿನದ ಆದೇಶ, ಹಾಜರಿ, ಪಗಾರದ ಚೀಟಿ ಇಲ್ಲದಿದ್ದರೆ 14 ವರ್ಷ ನಾಲ್ಕಾಗಲು ಹೊತ್ತು ಬೇಕಿಲ್ಲ. ಸಕ್ಕರೆಯಂಥ ಹಂಗಾಮಿನ ಉದ್ಯಮಕ್ಕೆ ಇನ್ನೊಂದು ತೊಡಕಿದೆ. ಕೆಲಸ ತಾತ್ಕಾಲಿಕವಾಗಿ ನಿಂತಾಗ ಅರ್ಧ ವೇತನ ಕೊಡುವ ‘ಲೇ-ಆಫ್’ ಪರಿಹಾರ ಹಂಗಾಮಿನ ಕಾರ್ಖಾನೆಗಳಿಗೂ, 50ಕ್ಕಿಂತ ಕಡಿಮೆ ಕಾರ್ಮಿಕರಿರುವ ಕಡೆಗೂ ಅನ್ವಯಿಸುವುದಿಲ್ಲ. ಕಬ್ಬು ಕಡಿಯುವ ಕೂಲಿಗಂತೂ ಇವುಗಳಲ್ಲಿ ಯಾವುದೂ ತಾಗದು. ಅವನ ಹೆಸರು ಮುಕಾದಮನ ವಹಿಯಲ್ಲಿದೆಯೇ ಹೊರತು ಕಾರ್ಖಾನೆಯ ಹಾಜರಿಯಲ್ಲಿ ಇರುವುದಿಲ್ಲ.

ಬೀದರ್ ನಗರದ ಲೆಕ್ಕ

ಗ್ರಾಮೀಣ ಉದ್ಯೋಗ ಖಾತ್ರಿ ಊರಿನ ಗಡಿಯಲ್ಲೇ ನಿಂತುಬಿಡುತ್ತದೆ. ಬೀದರ್ ನಗರದ ನಿವಾಸಿಗೆ ಅದು ಇಲ್ಲ. ನಗರದ ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಇರುವ ದಾರಿ ಇಎಸ್‌ಐ. ಕಾಯ್ದೆ ಬಂದ 57 ವರ್ಷಗಳ ನಂತರ, 2005ರ ಏಪ್ರಿಲ್ 1ರಿಂದ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಯ ಹೆಸರಿನಲ್ಲಿ ನಿರುದ್ಯೋಗವೂ ಈ ವಿಮೆಯೊಳಗೆ ಬಂತು. 2018ರ ಜುಲೈ 1ರಿಂದ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಶುರುವಾಯಿತು. ಅದರಲ್ಲಿ ದಿನದ ಸರಾಸರಿ ವೇತನದ ಶೇ. 25ರಷ್ಟು ಹಣ, ಜೀವಮಾನದಲ್ಲಿ ಒಟ್ಟು 90 ದಿನದವರೆಗೆ. ಕೋವಿಡ್ ಬಂದ 2020ರಲ್ಲಿ ಇದನ್ನು ಶೇ. 50ಕ್ಕೆ ಏರಿಸಲಾಯಿತು, ಕೆಲಸ ಹೋಗಿ 90 ದಿನ ಕಾಯಬೇಕಾಗಿದ್ದುದು 30 ದಿನಕ್ಕೆ ಇಳಿಯಿತು. ಯೋಜನೆಯ ಅವಧಿಯನ್ನು ಕಾಲಕಾಲಕ್ಕೆ ವಿಸ್ತರಿಸುತ್ತ ಬರಲಾಗಿದೆ. ಆದ್ದರಿಂದ ಅರ್ಜಿ ಹಾಕುವವರು ಆ ಹೊತ್ತಿನ ಸ್ಥಿತಿಯನ್ನು ಇಎಸ್‌ಐ ಕಚೇರಿಯಲ್ಲಿ ಕೇಳಿ ತಿಳಿಯಬೇಕು.

ದಿನಕ್ಕೆ ಸರಾಸರಿ 500 ರೂ. ಪಡೆಯುತ್ತಿದ್ದವನ ಲೆಕ್ಕ ನೋಡೋಣ. ಶೇ. 50ರ ದರದಲ್ಲಿ ದಿನಕ್ಕೆ 250 ರೂ., ಏಳು ದಿನದ ವಾರಕ್ಕೆ 1,750 ರೂ., 90 ದಿನಕ್ಕೆ 22,500 ರೂ. ಹಳೆಯ ಶೇ. 25ರ ದರವಾದರೆ ಎಲ್ಲವೂ ಇದರ ಅರ್ಧ. ಇದು ಸಿಗಲು ಕನಿಷ್ಠ ಎರಡು ವರ್ಷ ವಿಮೆಯಲ್ಲಿರಬೇಕು, ಮಾಲೀಕ ಚಂದಾ ಕಟ್ಟಿರಬೇಕು. ತಾನಾಗಿ ಕೆಲಸ ಬಿಟ್ಟವರಿಗೆ, ದುರ್ನಡತೆಗಾಗಿ ವಜಾ ಆದವರಿಗೆ ಇಲ್ಲ. 2019ರ ಜುಲೈನಿಂದ ನೌಕರನ ಚಂದಾ ವೇತನದ ಶೇ. 0.75, ಮಾಲೀಕನದು ಶೇ. 3.25. ಪಗಾರದ ಚೀಟಿಯಲ್ಲಿ ಈ ಮುರಿತ ಕಾಣುತ್ತಿದೆಯೇ ಎಂದು ಕೆಲಸ ಇರುವಾಗಲೇ ನೋಡಿಕೊಳ್ಳುವುದು ಒಳ್ಳೆಯದು. ಕೆಲಸ ಹೋದ ಮೇಲೆ ನೋಡಿದರೆ ಆ ಚೀಟಿ ಏನನ್ನೂ ತುಂಬಿ ಕೊಡುವುದಿಲ್ಲ.

ಇನ್ನು ಓದು ಮುಗಿಸಿ ಕೆಲಸ ಹುಡುಕುವ ಯುವಕರ ಮಾತು. ಕರ್ನಾಟಕ ಸರಕಾರ 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ನೀಡಿದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ., ಗರಿಷ್ಠ ಎರಡು ವರ್ಷ. ವಾರಕ್ಕೆ ಹಂಚಿದರೆ ಪದವೀಧರನಿಗೆ ಸುಮಾರು 690 ರೂ., ಡಿಪ್ಲೊಮಾದವನಿಗೆ 345 ರೂ. ಇಲ್ಲಿಯೂ ತೇರ್ಗಡೆಯಾದ ಮೇಲೆ 180 ದಿನ ಕೆಲಸವಿಲ್ಲದೆ ಕಳೆದಿರಬೇಕು. ಮತ್ತೆ ಒಂದು ತಾರೀಖು.

ಬಿದರಿ ಕುಸುರಿ ಕೆಲಸದವನ ಆರ್ಡರು ನಿಂತರೆ? ಆಟೊ ಚಾಲಕನ ಬಾಡಿಗೆ ನಿಂತರೆ? ಅವರ ಮಟ್ಟಿಗೆ ಯಾವ ಸೂತ್ರವೂ ಇಲ್ಲ. 2021ರಲ್ಲಿ ಬಂದ ಇ-ಶ್ರಮ್ ಕಾರ್ಡು ಅವರ ಹೆಸರು ಬರೆದುಕೊಳ್ಳುತ್ತದೆ, ವಾರದ ಭತ್ಯೆ ಕೊಡುವುದಿಲ್ಲ. 2020ರ ಲಾಕ್‌ಡೌನಿನಲ್ಲಿ ರಾಜ್ಯ ಸರಕಾರ ಕ್ಷೌರಿಕರು, ಅಗಸರು, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿ 5,000 ರೂ. ಘೋಷಿಸಿತು. ಕಷ್ಟಕಾಲದಲ್ಲಿ ಅದು ನೆರವೇ. ಆದರೆ ಅದು ಮುಹಮ್ಮದ್ ಷಾನ ಎತ್ತಿನ ಹೇರಿನ ಜಾತಿಗೆ ಸೇರಿದ್ದು. ಮುಂದಿನ ಸಲ ಬಂದೀತು ಎನ್ನುವಂತಿಲ್ಲ, ಬರಲಿಲ್ಲವೆಂದು ಕೇಳುವಂತಿಲ್ಲ.

ಕಾಗದ ಕಾಪಾಡಿ

ಮೂರು ಊರುಗಳ ಮೂರು ಲೆಕ್ಕಗಳನ್ನು ಪಕ್ಕ ಪಕ್ಕ ಇಟ್ಟರೆ ಒಂದು ಸಂಗತಿ ಎದ್ದು ಕಾಣುತ್ತದೆ. ಔರಾದಿನಲ್ಲಿ ಅರ್ಜಿಯ ತಾರೀಖು, ಭಾಲ್ಕಿಯಲ್ಲಿ ಸೇವೆಗೆ ಸೇರಿದ ತಾರೀಖು, ಬೀದರ್ ನಗರದಲ್ಲಿ ಚಂದಾ ಕಟ್ಟಿದ ಮತ್ತು ಕೆಲಸ ಹೋದ ತಾರೀಖು. ಕಾಲು ಭಾಗವೋ ಅರ್ಧವೋ ಎಂಬ ಗುಣಾಕಾರ ಆಮೇಲಿನದು. ತಾರೀಖು ಇಲ್ಲದ ಕಡೆ ಕಾನೂನಿನ ಭತ್ಯೆ ಮತ್ತೆ ಹಳೆಯ ದಯೆಯಾಗಿ ಬಿಡುತ್ತದೆ. ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ.

ಹಾಗಾಗಿ ಗ್ರಾಮ ಪಂಚಾಯತಿಯಲ್ಲಿ ಅರ್ಜಿ ಕೊಡುವವರು ಸ್ವೀಕೃತಿ ಇಲ್ಲದೆ ಮೆಟ್ಟಿಲು ಇಳಿಯಬಾರದು. ಬಾಯಿಮಾತಿನಲ್ಲಿ ‘ನಾಳೆಯಿಂದ ಬರಬೇಡ’ ಎಂದ ಮಾಲೀಕನಿಂದ ಅದನ್ನೇ ಬರವಣಿಗೆಯಲ್ಲಿ ಕೇಳಬೇಕು. ಪಗಾರದ ಚೀಟಿಗಳನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಬೇಕು. ಪಂಚಾಯತಿಗಳೂ ಕೊಡುವ ಸ್ವೀಕೃತಿಯನ್ನು ಉಪಕಾರವೆಂದು ಭಾವಿಸಬೇಕಿಲ್ಲ, ಅದು ಕಾಯ್ದೆ ಹೇಳಿದ ಕೆಲಸ. ಕೆಲಸ ಕೊಡಲಾಗದ ಸರಕಾರ ಬಡವಾಗಿರಬಹುದು. ಕೇಳಿದ ದಿನವನ್ನು ಬರೆದುಕೊಡಲು ಬಡತನ ಅಡ್ಡಿಯಾಗುವುದಿಲ್ಲ.

ಬೀದರಿನ ದರಬಾರಿನಲ್ಲಿ ವಿಠ್ಠಲನಿಗೆ ರಸೀದಿ ಸಿಕ್ಕಿತೆಂದು ಕಥೆ ಹೇಳುತ್ತದೆ. ಅದೇ ಜಿಲ್ಲೆಯ ಕೂಲಿಗೆ ಕೆಲಸ ಕೇಳಿದ ದಿನದ ರಸೀದಿ ಸಿಗುವುದು ಕಥೆಯಾಗಿ ಉಳಿಯಬಾರದು.